ಗಲಾಪಗೋಸ್‌ಗೆ ಹಡಗೋ, ದ್ವೀಪದ ಊರೋ, ಇಲ್ಲಾ ಹತ್ತಿರದ ಕೊಮೊಡೊ ಸಾಕೋ?

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ನಮ್ಮ ಕೊಡಗಿನ ಮದುವೆ ಮನೆಗಳಲ್ಲಿ ಮಾತು ಬದಲಾಗಿದೆ. ಮುಂಚೆ ಹೊಸ ಜೀಪು, ಕಾಫಿ ಹಣ್ಣು ಸುಲಿಯೋಕೆ ಹೊಸ ಪಲ್ಪರ್ ಅಂತಿದ್ದವರು ಈಗ ಪಾಸ್‌ಪೋರ್ಟ್, ವೀಸಾ ಅಂತಾರೆ. ನಾವು ದಕ್ಷಿಣ ಅಮೆರಿಕದ ಆಚೆ ಇರುವ ಗಲಾಪಗೋಸ್ ದ್ವೀಪಗಳಿಗೆ ಹೋಗಿ ಬಂದ ಸುದ್ದಿ ಸುಂಟಿಕೊಪ್ಪ ದಾಟಿ ಹಬ್ಬಿದ್ದೇ ತಡ, ಊಟದ ಎಲೆ ಮುಂದೆ ಕೂತಾಗಲೂ ಅದೇ ಪ್ರಶ್ನೆ. "ಹಡಗಲ್ಲೇ ಇರೋದಾ, ದ್ವೀಪದಲ್ಲಿ ರೂಮ್ ಮಾಡೋದಾ? ದೊಡ್ಡ ಹಡಗು ಒಳ್ಳೇದಾ, ಚಿಕ್ಕದಾ? ಅಷ್ಟು ದೂರ ಯಾಕೆ, ಇಂಡೋನೇಷ್ಯಾದ ಕೊಮೊಡೊ ಸಾಕಲ್ವಾ?"

ಉತ್ತರ ಹೇಳೋಕೆ ನನಗೆ ಒಂದು ಅನುಕೂಲ ಇದೆ. ನಾನೂ ನನ್ನ ಹೆಂಡತಿಯೂ 16 ಜನರ ಚಿಕ್ಕ ಹಡಗು ಹತ್ತಿದೆವು. ಅವಳ ಅಕ್ಕ ಮತ್ತು ನಮ್ಮ ಬಾವ "ನೀರಿನ ಮೇಲೆ ಮಲಗೋ ಆಸೆ ನಮಗಿಲ್ಲ" ಅಂತ ಅದೇ ಎಂಟು ದಿನ ದ್ವೀಪದ ಊರುಗಳಲ್ಲೇ ಉಳಿದರು. ಕೊನೆಯ ಸಂಜೆ ಸಾಂತಾ ಕ್ರೂಸ್ ದ್ವೀಪದ ಪುಯೆರ್ತೋ ಅಯೋರಾದಲ್ಲಿ, ಮೀನು ಮಾರುವ ಕಟ್ಟೆಯ ಪಕ್ಕ ನಾಲ್ಕೂ ಜನ ಸೇರಿದೆವು. ಮೀನು ಕತ್ತರಿಸುವ ಹೆಂಗಸಿನ ಸೊಂಟಕ್ಕೆ ಮೂತಿ ತಾಗಿಸಿಕೊಂಡು ಒಂದು ಕಡಲ ಸಿಂಹ ನಿಂತಿತ್ತು. ಗಿರಾಕಿಯ ಹಾಗೇ, ತನ್ನ ಸರದಿ ಬರಲಿ ಅಂತ. ಹಿಂದೆ ಐದಾರು ಪೆಲಿಕನ್. ಆಕೆ ತಿರುಗಿ ನೋಡದೆ ಮೀನಿನ ಚರ್ಮ ಎಸೆದರೆ ಅದು ಬಾಯಲ್ಲೇ ಹಿಡಿಯುತ್ತಿತ್ತು. ಅಲ್ಲೇ ನಿಂತು ಯಾರು ಏನು ನೋಡಿದೆವು, ಎಷ್ಟು ಖರ್ಚು ಮಾಡಿದೆವು ಅಂತ ತಾಳೆ ಹಾಕಿದೆವು. ಆ ಲೆಕ್ಕದಲ್ಲಿ ನನ್ನ ಹೆಂಡತಿಗೆ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಯಾವ ಅಳತೆಗೋಲು ಹಿಡಿಯಬೇಕು ಅನ್ನೋದು ನೋಡೋಣ.

ಎಲ್ಲರೂ ದುಡ್ಡಿಂದ ಶುರು ಮಾಡುತ್ತಾರೆ. ನಾನು ಹೇಳೋದು, ದುಡ್ಡನ್ನು ಕೊನೆಗಿಡಿ. ಮೊದಲನೆಯದು ತೋಟ ಯಾವ ತಿಂಗಳು ನಿಮ್ಮನ್ನು ಬಿಡುತ್ತದೆ ಅನ್ನೋದು. ಎರಡನೆಯದು ನಿಮ್ಮ ಹೊಟ್ಟೆ. ಕುಶಾಲನಗರದಿಂದ ಮಡಿಕೇರಿ ಹತ್ತುವಾಗಲೇ ಕಾರಿನ ಗಾಜು ಇಳಿಸುವವರು ಸಮುದ್ರದ ಮೇಲೆ ಏನು ಮಾಡುತ್ತಾರೆ? ಮೂರನೆಯದು, ನಿಮಗೆ ನಿಜವಾಗಿ ಯಾವ ಪ್ರಾಣಿ ನೋಡಬೇಕು. "ಎಲ್ಲಾ ನೋಡ್ಬೇಕು" ಅಂದರೆ ಅದು ಉತ್ತರ ಅಲ್ಲ. ಆಮೇಲೆ ಮೊಣಕಾಲು ಮತ್ತು ಈಜು. ಇಷ್ಟು ತೀರ್ಮಾನ ಆದರೆ ಹಡಗು ಯಾವುದು ಅನ್ನೋದು ತಾನಾಗಿ ಗೊತ್ತಾಗುತ್ತದೆ, ದುಡ್ಡು ಎಷ್ಟು ಅನ್ನೋದೂ.

ತೋಟ ಬಿಡುವ ತಿಂಗಳು

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು, ಕಣ, ಆಳುಗಳ ಲೆಕ್ಕ. ಆ ಮಾತೇ ಬೇಡ. ಹೇಗಿದ್ದರೂ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ರೇಟು ಮುಗಿಲು ಮುಟ್ಟಿರುತ್ತದೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕಾಯಬೇಕು, ಬರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಆ ಕಾಲದಲ್ಲಿ ಕೆಲಸ ಕಡಿಮೆ, ನಿಜ. ಆದರೆ 2018ರ ಆಗಸ್ಟ್‌ನ ಭೂಕುಸಿತ ನೋಡಿದವರು ವಯಸ್ಸಾದ ಅಪ್ಪ ಅಮ್ಮನನ್ನು ಮನೆಯಲ್ಲಿ ಬಿಟ್ಟು ಆ ತಿಂಗಳಲ್ಲಿ ದೇಶ ಬಿಟ್ಟು ಹೋಗುತ್ತಾರೆ ಅಂತ ನನಗನಿಸುವುದಿಲ್ಲ.

ಉಳಿಯೋದು ಎರಡು ಕಿಂಡಿ. ಒಂದು, ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ. ಇನ್ನೊಂದು, ಅಕ್ಟೋಬರ್ 17ರ ಕಾವೇರಿ ಸಂಕ್ರಮಣ ಮುಗಿದ ಮಾರನೇ ದಿನದಿಂದ ನವೆಂಬರ್ ಮಧ್ಯದವರೆಗೆ. ಅರೇಬಿಕಾ ಜಾಸ್ತಿ ಇರುವವರಿಗೆ ಎರಡನೇ ಕಿಂಡಿ ಇನ್ನೂ ಸಣ್ಣದು. ರೋಬಸ್ಟಾದವರು ನಮ್ಮ ಸುಗ್ಗಿ ಹಬ್ಬ ಪುತ್ತರಿವರೆಗೂ ಉಸಿರಾಡಬಹುದು.

ನಮ್ಮ ಅದೃಷ್ಟ, ಈ ಎರಡು ಕಿಂಡಿಯೂ ಗಲಾಪಗೋಸ್‌ಗೆ ಚೆನ್ನಾಗಿ ಹೊಂದುತ್ತವೆ. ಅಲ್ಲಿ ವರ್ಷಕ್ಕೆ ಎರಡೇ ಕಾಲ. ಡಿಸೆಂಬರ್‌ನಿಂದ ಮೇವರೆಗೆ ಬಿಸಿ. ಆಗಾಗ ಜೋರು ಮಳೆ, ನೀರು ಬೆಚ್ಚಗೆ, ಸಮುದ್ರ ಸಮಾಧಾನ. ಜೂನ್‌ನಿಂದ ನವೆಂಬರ್‌ವರೆಗೆ ತಂಪು. ಹಂಬೋಲ್ಟ್ ಪ್ರವಾಹ ದಕ್ಷಿಣದಿಂದ ತಣ್ಣೀರು ತರುತ್ತದೆ, ಎತ್ತರದ ಜಾಗದಲ್ಲಿ ದಿನವಿಡೀ ಮಂಜಿನಂಥ ಹನಿ. ಅದಕ್ಕೆ ಅಲ್ಲಿನವರು ಗರುವಾ ಅಂತಾರೆ. ನಮ್ಮ ಜುಲೈ ಜಡಿಮಳೆಯ ತಂಗಿ ಅಂದುಕೊಳ್ಳಿ, ಗಲಾಟೆ ಇಲ್ಲದ ತಂಗಿ. ಈ ತಣ್ಣೀರಲ್ಲಿ ಮೀನು ಜಾಸ್ತಿ. ಹಾಗಾಗಿ ಪೆಂಗ್ವಿನ್, ಕಡಲ ಸಿಂಹ, ಹಕ್ಕಿಗಳೆಲ್ಲ ಚುರುಕು. ಆದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲೆ ಜೋರು. ಅಕ್ಟೋಬರ್ ಕೊನೆಗೆ ಸ್ವಲ್ಪ ಇಳಿಯುತ್ತದೆ.

ಹೊಟ್ಟೆ ಗಟ್ಟಿ ಇಲ್ಲದವರಿಗೆ, ಮಕ್ಕಳ ರಜೆ ನೋಡಬೇಕಾದವರಿಗೆ ಮೇ. ಪ್ರಾಣಿಗಳ ಚಟುವಟಿಕೆಯೇ ಮುಖ್ಯ, ಸ್ವಲ್ಪ ತೂಗಾಡಿದರೂ ಪರವಾಗಿಲ್ಲ ಅನ್ನುವವರಿಗೆ ಅಕ್ಟೋಬರ್.

ಎಲ್ಲಾ ಹಡಗಿಗೂ ಒಂದೇ ಕಾನೂನು

ಆಯ್ಕೆಗೆ ಬರುವ ಮುಂಚೆ ಇದು ತಿಳಿದಿರಲಿ. ಈ ದ್ವೀಪಗಳು ಎಕ್ವಡಾರ್ ದೇಶದವು, ದಡದಿಂದ ಸುಮಾರು 1,000 ಕಿ.ಮೀ. ದೂರ ಪೆಸಿಫಿಕ್ ಸಾಗರದಲ್ಲಿವೆ. 1959ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, ನೆಲದಲ್ಲಿ ನೂರಕ್ಕೆ 97 ಭಾಗ ಅದರ ಒಳಗೇ ಇದೆ. ಊರು, ತೋಟ ಎಲ್ಲಾ ಉಳಿದ 3 ಭಾಗದಲ್ಲಿ. ಹಡಗು ಎಷ್ಟೇ ದೊಡ್ಡದಾದರೂ 100 ಪ್ರಯಾಣಿಕರಿಗಿಂತ ಜಾಸ್ತಿ ಇರುವಂತಿಲ್ಲ. ಪ್ರತಿ 16 ಜನಕ್ಕೆ ಒಬ್ಬ ಲೈಸೆನ್ಸ್ ಇರುವ ಗೈಡ್ ಬೇಕೇಬೇಕು. ಪ್ರಾಣಿಯಿಂದ ಎರಡು ಮೀಟರ್ ದೂರ ನಿಲ್ಲಬೇಕು, ಗುರುತು ಹಾಕಿದ ಹಾದಿ ಬಿಟ್ಟು ಇಳಿಯುವಂತಿಲ್ಲ. ನಾಗರಹೊಳೆಯಲ್ಲಿ ಜೀಪಿಂದ ಇಳಿಯೋಕೆ ಬಿಡೋದಿಲ್ಲ. ಇಲ್ಲಿ ನಡೆಯೋಕೆ ಬಿಡುತ್ತಾರೆ, ಆದರೆ ಕಾಲು ಎಲ್ಲಿಡಬೇಕು ಅಂತ ಹೇಳುತ್ತಾರೆ.

ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಹಡಗು ಒಂದು ಜಾಗಕ್ಕೆ ಹೋದರೆ ಮತ್ತೆ 14 ದಿನದೊಳಗೆ ಅಲ್ಲಿಗೆ ಬರುವಂತಿಲ್ಲ. ಹಾಗಾಗಿ ಹಡಗುಗಳು ಒಂದು ವಾರ ಒಂದು ದಾರಿ, ಮುಂದಿನ ವಾರ ಇನ್ನೊಂದು ದಾರಿ ಹಿಡಿಯುತ್ತವೆ. ನಾವು ಮೋಸ ಹೋಗಿದ್ದು ಇಲ್ಲೇ. ನಮಗೆ ಟಿಕೆಟ್ ಮಾಡಿಸಿದ ಏಜೆಂಟ್ ಕಳಿಸಿದ ಚಂದದ ಪುಸ್ತಿಕೆಯಲ್ಲಿ ಆಲ್ಬಟ್ರಾಸ್ ಹಕ್ಕಿಯೂ ಇತ್ತು, ಪೆಂಗ್ವಿನ್ನೂ ಇತ್ತು. ಅದು ಎರಡೂ ವಾರದ ಚಿತ್ರ ಸೇರಿಸಿ ಮಾಡಿದ ಪುಸ್ತಿಕೆ ಅಂತ ಗೊತ್ತಾಗಿದ್ದು ಹಡಗು ಹತ್ತಿದ ಮೇಲೆ. ನನ್ನ ಹೆಂಡತಿ ಅಷ್ಟು ದೂರ ಬಂದಿದ್ದೇ ಆಲ್ಬಟ್ರಾಸ್ ನೋಡೋಕೆ. ನಮ್ಮ ವಾರದ ದಾರಿ ಪಶ್ಚಿಮದ್ದು, ಅಲ್ಲಿ ಆಲ್ಬಟ್ರಾಸ್ ನೆಲೆ ಇಲ್ಲ. ಹಕ್ಕಿ ಅಂದರೆ ಕೋಳಿ ಮಾತ್ರ ಗೊತ್ತಿರುವ ಅಕ್ಕ ಅದೇ ವಾರ ದಿನದ ದೋಣಿಯಲ್ಲಿ ಹೋಗಿ ಹತ್ತಾರು ಆಲ್ಬಟ್ರಾಸ್ ನೋಡಿ ಬಂದರು. ಫೋಟೋನೂ ತೋರಿಸಿದರು. ಕೋಪ ಬರದೇ ಇರುತ್ತಾ?

ಹಡಗಿನ ಹೆಸರು, ರೂಮಿನ ಫೋಟೋ ಎಲ್ಲಾ ಆಮೇಲೆ. ನೀವು ದುಡ್ಡು ಕೊಡುತ್ತಿರೋದು ದಾರಿಗೆ. ನಿಮ್ಮ ತಾರೀಖಿನ ವಾರದಲ್ಲಿ ಯಾವ ದಿನ, ಬೆಳಿಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ ಅಂತ ಬರೆದು ಕೊಡಲಿ. ಕೊಡದಿದ್ದರೆ ಅಡ್ವಾನ್ಸ್ ಕೊಡಬೇಡಿ.

ಯಾವ ದಿಕ್ಕಲ್ಲಿ ಯಾರಿದ್ದಾರೆ

ಪಶ್ಚಿಮ ಅಂದರೆ ಫರ್ನಾಂಡಿನಾ ಮತ್ತು ಇಸಾಬೆಲಾ ದ್ವೀಪದ ಆಚೆ ಬದಿ. ಭೂಮಿಯ ಹೊರಪದರ ಅಲ್ಲಿ ಪೂರ್ವದ ಕಡೆ ನಿಧಾನ ಸರಿಯುತ್ತಿದೆ. ಕೆಳಗಿನ ಬಿಸಿ ಊಟೆ ಇದ್ದಲ್ಲೇ ಇದೆ. ಹಾಗಾಗಿ ಪಶ್ಚಿಮದ ದ್ವೀಪಗಳು ಎಳೆಯವು, ಇನ್ನೂ ಉಗುಳುತ್ತಿವೆ. ಇಸಾಬೆಲಾದ ವುಲ್ಫ್ ಜ್ವಾಲಾಮುಖಿ 2022ರಲ್ಲಿ, ಫರ್ನಾಂಡಿನಾ 2024ರ ಮಾರ್ಚ್‌ನಲ್ಲಿ ಸಿಡಿದವು. ರೆಕ್ಕೆ ಕುಗ್ಗಿ ಹಾರೋದನ್ನೇ ಮರೆತ ನೀರುಕಾಗೆ ಪ್ರಪಂಚದಲ್ಲಿ ಇಲ್ಲಿ ಮಾತ್ರ ಇರೋದು. ಪೆಂಗ್ವಿನ್ ಜಾಸ್ತಿ ಇರೋದೂ ಇಲ್ಲೇ. ತಿಮಿಂಗಿಲ ಕಾಣುವ ಸಾಧ್ಯತೆಯೂ ಈ ಕಡೆಯೇ ಜಾಸ್ತಿ.

ಫರ್ನಾಂಡಿನಾದಲ್ಲಿ ದೋಣಿ ಇಳಿದಾಗ ನಾನು ಕಪ್ಪು ಕಲ್ಲು ಅಂದುಕೊಂಡು ಒಂದರ ಪಕ್ಕ ಬ್ಯಾಗ್ ಇಡೋಕೆ ಹೋದೆ. ಕಲ್ಲು ಸೀನಿತು. ಕಡಲಲ್ಲಿ ಈಜಿ ಪಾಚಿ ತಿನ್ನುವ ಇಗ್ವಾನಾ ಅನ್ನೋ ದೊಡ್ಡ ಹಲ್ಲಿ ಅದು. ಮೈಯಲ್ಲಿ ಸೇರಿದ ಉಪ್ಪನ್ನು ಮೂಗಿಂದ ಹೊರಗೆ ಹಾರಿಸುತ್ತದೆ. ಅದರ ಮೇಲೆ ಒಂದು, ಅದರ ಮೇಲೆ ಇನ್ನೊಂದು, ಹೀಗೆ ನೂರಾರು. ನಮ್ಮ ಕಣದಲ್ಲಿ ಕಾಫಿ ಚೆರಿ ಹರಡಿದ ಹಾಗೆ ಬಿಸಿಲಿಗೆ ಬಿದ್ದಿದ್ದವು. ಆಗಾಗ ಒಂದು ಫುಸ್, ತಲೆ ಮೇಲೆಲ್ಲ ಒಣಗಿದ ಉಪ್ಪಿನ ಬಿಳಿ. ಒಂದು ಗಂಟೆ ಅಲ್ಲೇ ಇದ್ದೆವು. ಆಲ್ಬಟ್ರಾಸ್ ಕೋಪ ಆ ಒಂದು ಗಂಟೆ ಮಾತ್ರ ಮರೆತುಹೋಗಿತ್ತು.

ದಕ್ಷಿಣ-ಪೂರ್ವದ ದಾರಿಯಲ್ಲಿ ಎಸ್ಪನ್ಯೋಲಾ, ಸಾನ್ ಕ್ರಿಸ್ತೋಬಾಲ್, ಫ್ಲೊರಿಯಾನಾ. ಆಲ್ಬಟ್ರಾಸ್ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಎಸ್ಪನ್ಯೋಲಾದಲ್ಲಿ ಇರುತ್ತದೆ, ಅಂದರೆ ನಮ್ಮ ಎರಡು ಕಿಂಡಿಯಲ್ಲೂ ಸಿಗುತ್ತದೆ. ನೀಲಿ ಕಾಲಿನ ಬೂಬಿ ಹಕ್ಕಿಯೂ ಇದೆ. ಉತ್ತರದ ಹೆನೊವೇಸಾ ಹಕ್ಕಿ ಹುಚ್ಚಿರುವವರಿಗೆ. ಕೆಂಪು ಕಾಲಿನ ಬೂಬಿ, ಕತ್ತಿನ ಕೆಂಪು ಚೀಲ ಉಬ್ಬಿಸುವ ಫ್ರಿಗೇಟ್ ಹಕ್ಕಿ ಎಲ್ಲಾ ಅಲ್ಲಿವೆ. ಆದರೆ ಅಲ್ಲಿಗೆ ರಾತ್ರಿಯಿಡೀ ತೆರೆದ ಸಮುದ್ರದಲ್ಲಿ ಹೋಗಬೇಕು. ನಡುವಿನ ದ್ವೀಪಗಳು, ನಾರ್ತ್ ಸೇಮೋರ್, ಬಾರ್ತೊಲೊಮೆ, ಸಾಂತಾ ಫೆ, ಇವೆಲ್ಲಾ ಊರಿಂದ ದಿನದ ದೋಣಿಗೂ ಸಿಗುತ್ತವೆ.

ಹೀಗಿದ್ದರೆ ಲೆಕ್ಕ ಸುಲಭ. ಫರ್ನಾಂಡಿನಾ, ಇಸಾಬೆಲಾದ ಪಶ್ಚಿಮ ಬದಿ, ಹೆನೊವೇಸಾ ಬೇಕೇಬೇಕು ಅಂದರೆ ಹಡಗು ಬಿಟ್ಟು ಗತಿ ಇಲ್ಲ. ಅವು ಬೇಡ ಅಂದರೆ ಹಡಗು ಅನಿವಾರ್ಯ ಅಲ್ಲ.

ಚಿಕ್ಕ ಹಡಗು

16 ಜನ, ಒಬ್ಬ ಗೈಡ್, ಏಳೆಂಟು ಸಿಬ್ಬಂದಿ. ಎರಡನೇ ದಿನಕ್ಕೆ ಎಲ್ಲರ ಹೆಸರು ಗೊತ್ತಿರುತ್ತದೆ. ರಬ್ಬರ್ ದೋಣಿಯಲ್ಲಿ ಇಳಿಯೋಕೆ ಸಾಲು ನಿಲ್ಲಬೇಕಾಗಿಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ ದಡದಲ್ಲಿರುತ್ತೀರಿ. ರಾತ್ರಿ ನೀವು ಮಲಗಿದಾಗ ಹಡಗು ಮುಂದಿನ ದ್ವೀಪಕ್ಕೆ ಹೋಗುತ್ತದೆ. ಹಗಲು ಒಂದು ಗಂಟೆಯೂ ಹಾಳಾಗುವುದಿಲ್ಲ. ಇದು ಇದರ ದೊಡ್ಡ ಗುಣ.

ಮಲಗಿದಾಗ ಹೋಗುತ್ತದೆ ಅಂದೆನಲ್ಲ, ಮಲಗಿದರೆ. ಮೂರನೇ ರಾತ್ರಿ ನಮ್ಮ ರೂಮಿನ ಕಪಾಟಿನ ಬಾಗಿಲು ಪ್ರತಿ ಅಲೆಗೂ ಟಪ್ ಟಪ್ ಅಂತ ಹೊಡೆದುಕೊಳ್ಳುತ್ತಿತ್ತು. ಎದ್ದು ಅದಕ್ಕೆ ಟವೆಲ್ ತುರುಕಿ ತಿರುಗಿದರೆ ಹೆಂಡತಿ ನೆಲದಲ್ಲಿ ಕೂತು ಬಕೆಟ್ ಹಿಡಿದಿದ್ದಳು. ಮನೆಯಿಂದ ತಂದ ಒಣ ಶುಂಠಿ ಅಷ್ಟರಲ್ಲಿ ಖಾಲಿ. ಬೆಳಿಗ್ಗೆ ಗೈಡ್ ಹೇಳಿದ್ದು, ಮಾತ್ರೆ ಹೊಟ್ಟೆ ಕೆಡುವ ಮುಂಚೆ ತಗೋಬೇಕು, ಆಮೇಲಲ್ಲ. ನಿಮ್ಮ ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಂಡು ಹೋಗಿ. ರೂಮು ಆರಿಸುವಾಗ ಮೇಲಿನ ಅಂತಸ್ತಿನ ಬಾಲ್ಕನಿಗೆ ಆಸೆ ಪಡಬೇಡಿ. ಕೆಳಗಿನ ಅಂತಸ್ತಲ್ಲಿ, ಹಡಗಿನ ನಡುವೆ ಇರುವ ರೂಮು ಕಡಿಮೆ ಆಡುತ್ತದೆ, ರೇಟೂ ಕಡಿಮೆ. ಎಂಜಿನ್ ಸದ್ದು ಸ್ವಲ್ಪ ಇರುತ್ತದೆ. ಎರಡು ಒಡಲಿನ ಕ್ಯಾಟಮರಾನ್ ಆದರೆ ಅಡ್ಡಡ್ಡ ತೂಗಾಟ ಕಡಿಮೆ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ವ್ಯರ್ಥ ಅಲ್ಲ ಅಂತ ನನಗೆ ಈಗ ಅನಿಸುತ್ತದೆ.

ದಿನದ ಲೆಕ್ಕ ಹುಷಾರು. 8 ದಿನ ಅಂದರೆ ಮೊದಲ ದಿನ ಮಧ್ಯಾಹ್ನ ಹತ್ತುತ್ತೀರಿ, ಕೊನೆಯ ದಿನ ಬೆಳಿಗ್ಗೆ ಇಳಿಸುತ್ತಾರೆ. ಪೂರ್ತಿ ಸಿಗೋದು 6 ದಿನ. 4 ದಿನದ್ದು ಅಂದರೆ ನಿಜವಾಗಿ 2 ದಿನ. ಬೆಂಗಳೂರಿಂದ ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ ಹಿಡಿಯುವಾಗ 4 ದಿನದ ಹಡಗು ಯಾರಿಗೂ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟೇ ದುಡ್ಡಲ್ಲಿ ಊರಲ್ಲಿ ವಾರ ಇರಬಹುದು.

ಮಧ್ಯಮ ದರ್ಜೆಯ ಹಡಗಿಗೆ ಒಬ್ಬರಿಗೆ ದಿನಕ್ಕೆ ಸುಮಾರು 400ರಿಂದ 550 ಡಾಲರ್ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆಯವೂ ಇವೆ. ಆದರೆ ಅಗ್ಗದ ಹಡಗಿನಲ್ಲಿ ಮೊದಲು ಕಡಿಮೆ ಆಗೋದು ಗೈಡ್‌ನ ಇಂಗ್ಲಿಷು ಮತ್ತು ಹಾಸಿಗೆ. ಊಟದ ಬಗ್ಗೆ ಭಯ ಬೇಡ, ಎಕ್ವಡಾರ್‌ನವರಿಗೆ ಅನ್ನ ಬೇಕೇಬೇಕು. ಜೊತೆಗೆ ಹುರುಳಿಕಾಳು ಜಾತಿಯ ಪಲ್ಯ, ಹುರಿದ ಬಾಳೆಕಾಯಿ. ಮಾಂಸ ತಿನ್ನದವರು ಬುಕ್ ಮಾಡುವಾಗಲೇ ಹೇಳಬೇಕು, ಹತ್ತಿದ ಮೇಲೆ ಹೇಳಿದರೆ ದಿನಾ ಮೊಟ್ಟೆ.

ದೊಡ್ಡ ಹಡಗು

90-100 ಜನರ ಹಡಗು ಕಡಿಮೆ ಆಡುತ್ತದೆ, ಡಾಕ್ಟರ್ ಇರುತ್ತಾರೆ, ಕೆಲವಲ್ಲಿ ಗಾಜಿನ ತಳದ ದೋಣಿ ಇದೆ. ಈಜು ಬಾರದವರಿಗೆ ಇದು ದೊಡ್ಡ ಮಾತು. ಗಲಾಪಗೋಸ್‌ನ ಅರ್ಧ ಸೊಗಸು ನೀರೊಳಗಿದೆ, ಚಿಕ್ಕ ಹಡಗಿನಲ್ಲಿ ದಿನಕ್ಕೆ ಒಂದೆರಡು ಸಲ ಎಲ್ಲರೂ ಕನ್ನಡಕ ಹಾಕಿ ನೀರಿಗೆ ಧುಮುಕುತ್ತಾರೆ. ಹಾರಂಗಿ ನೀರಲ್ಲಿ ಕಾಲು ಮಾತ್ರ ತೊಳೆದು ಗೊತ್ತಿರುವವರು ರಬ್ಬರ್ ದೋಣಿಯಲ್ಲಿ ಸುಮ್ನೆ ಕೂತು ಬೇರೆಯವರ ಬೆನ್ನು ನೋಡಬೇಕಾಗುತ್ತದೆ. ನನ್ನ ಕತೆ ಅದೇ ಆಯಿತು.

ತೊಂದರೆ ಅಂದರೆ ಸರದಿ. ನೂರು ಜನ ಒಟ್ಟಿಗೆ ಇಳಿಯೋಕಾಗಲ್ಲ, ಗುಂಪು ಗುಂಪಾಗಿ ಇಳಿಸುತ್ತಾರೆ. ಕೆಲವು ಸೂಕ್ಷ್ಮ ಜಾಗಗಳಿಗೆ ಚಿಕ್ಕ ಹಡಗಿಗೆ ಮಾತ್ರ ಅನುಮತಿ. ರೇಟು ಚಿಕ್ಕ ಮಧ್ಯಮ ಹಡಗಿಗಿಂತ ಸಾಮಾನ್ಯವಾಗಿ ಜಾಸ್ತಿ. 70 ದಾಟಿದವರು ಜೊತೆಗಿದ್ದರೆ, ಅಥವಾ ಮೂರು ತಲೆಮಾರು ಒಟ್ಟಿಗೆ ಹೋಗುವುದಾದರೆ ನಾನು ಇದನ್ನೇ ಹೇಳುತ್ತೇನೆ. ಹಡಗು ಯಾವುದಾದರೂ ಲಾವಾ ಕಲ್ಲಿನ ಮೇಲೆ ನಡೆಯೋದು ತಪ್ಪಲ್ಲ. ಕೆಲವು ಕಡೆ ಮೊಣಕಾಲು ಮಟ್ಟ ನೀರಿಗೆ ಇಳಿದೇ ದಡ ಸೇರಬೇಕು.

ಅಕ್ಕ-ಬಾವ ಹಿಡಿದ ದಾರಿ

ಸಾನ್ ಕ್ರಿಸ್ತೋಬಾಲ್‌ನಲ್ಲಿ ಮೂರು ರಾತ್ರಿ, ಇಸಾಬೆಲಾದ ಪುಯೆರ್ತೋ ವಿಯಾಮಿಲ್‌ನಲ್ಲಿ ಎರಡು, ಉಳಿದದ್ದು ಪುಯೆರ್ತೋ ಅಯೋರಾದಲ್ಲಿ. ಚಿಕ್ಕ ಹೋಟೆಲು, ಹೋಮ್‌ಸ್ಟೇ. ಊರಿಂದ ಊರಿಗೆ ಸ್ಪೀಡ್‌ಬೋಟ್, ಸುಮಾರು ಎರಡು ಗಂಟೆ, 30-35 ಡಾಲರ್. ಆ ಎರಡು ಗಂಟೆ ಮಾತ್ರ ಹಡಗಿಗಿಂತ ಕೆಟ್ಟದಾಗಿ ಕುಲುಕುತ್ತದೆ. ಹಳ್ಳ ಬಿದ್ದ ತೋಟದ ರಸ್ತೆಯಲ್ಲಿ ಪಿಕಪ್‌ನ ಹಿಂದೆ ಕೂತ ಹಾಗೆ ಅಂತ ಬಾವನ ವರ್ಣನೆ. ಆದರೆ ರಾತ್ರಿ ನೆಲದ ಮೇಲೆ ಮಲಗಿದರು, ಅಕ್ಕ ಒಂದು ಸಲವೂ ಬಕೆಟ್ ಕೇಳಲಿಲ್ಲ.

ದುಡ್ಡು ಕೊಡದೆ ನೋಡಿದ್ದೇ ಬಹಳ. ಸಾನ್ ಕ್ರಿಸ್ತೋಬಾಲ್‌ನ ಬೀದಿ ಬೆಂಚಿನ ಮೇಲೆ ಕಡಲ ಸಿಂಹ ಮಲಗಿರುತ್ತದೆ, ಮನುಷ್ಯರು ನಿಂತಿರುತ್ತಾರೆ. ಇಸಾಬೆಲಾದಲ್ಲಿ ಸುಮಾರು 10 ಕಿ.ಮೀ. ಅಗಲದ ಸಿಯೆರ್ರಾ ನೆಗ್ರಾ ಜ್ವಾಲಾಮುಖಿಯ ಬಾಯಿಯ ಅಂಚಿಗೆ ಗೈಡ್ ಜೊತೆ ನಡೆದರು. ಎಸ್ಪನ್ಯೋಲಾಕ್ಕೆ ದಿನದ ದೋಣಿ, ಒಬ್ಬರಿಗೆ 200 ಡಾಲರ್ ಮೇಲೆ. ಇಂಥ ದಿನದ ಟ್ರಿಪ್ ನಾಲ್ಕು ಮಾಡಿದರೆ ಉಳಿತಾಯ ಕರಗುತ್ತದೆ ಅನ್ನೋದು ನೆನಪಿರಲಿ. ಎರಡು ಮೂರು ದುಬಾರಿ ದಿನ, ಉಳಿದದ್ದು ಕಾಲ್ನಡಿಗೆ, ಆ ಲೆಕ್ಕಕ್ಕೆ ಮಾತ್ರ ಇದು ಅಗ್ಗ. ಇನ್ನೊಂದು ನಷ್ಟ, ದಿನದ ದೋಣಿ ತಲುಪುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ. ಬೆಳಗಿನ ಹೊತ್ತಿನ ಪ್ರಾಣಿಗಳ ಓಡಾಟ ಹಡಗಿನವರ ಪಾಲು.

ಬಾವನಿಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಸಾಂತಾ ಕ್ರೂಸ್ ಮೇಲಿನ ಕಾಫಿ ತೋಟ. ಹೌದು, ಅಲ್ಲಿ ಕಾಫಿ ಬೆಳೆಯುತ್ತಾರೆ, ಅರೇಬಿಕಾ, ನೆರಳಲ್ಲಿ. ನಮ್ಮ ತೋಟಕ್ಕೆ ಆನೆ ನುಗ್ಗುವ ಹಾಗೆ ಅಲ್ಲಿ ದೈತ್ಯ ಆಮೆ ನುಗ್ಗುತ್ತದೆ. 200 ಕಿಲೋ ದಾಟುವ ಆಮೆ ಬೇಲಿ ಇದ್ದರೆ ಬೇಲಿ ಮೇಲೇ ನಡೆಯುತ್ತದಂತೆ. ಬಾವ ಅಲ್ಲಿನ ರೈತರ ಜೊತೆ ಕೈಸನ್ನೆಯಲ್ಲೇ ಒಂದು ಗಂಟೆ ಬೇಲಿ ಬಗ್ಗೆ ಮಾತಾಡಿದರು. ಆ ತೋಟಗಳ ಸುತ್ತ ಒಂದು ಮುಳ್ಳು ಬಳ್ಳಿ ಹಬ್ಬಿ ಅಲ್ಲಿನವರ ಪ್ರಾಣ ತಿನ್ನುತ್ತಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಮೈಸೂರು ರಾಸ್ಪ್‌ಬೆರಿ ಅಂತಲೂ ಹೆಸರಿದೆ, ಮೂಲ ನಮ್ಮ ಕಡೆಯದೇ. ಅಮೆರಿಕ ಖಂಡದ ಲಂಟಾನಾ ನಮ್ಮ ಕಾಡು ತಿಂದಿತು, ನಮ್ಮ ಮುಳ್ಳು ಅವರ ದ್ವೀಪ ತಿನ್ನುತ್ತಿದೆ.

ಕೊಮೊಡೊ, ಬ್ಯಾರನ್, ಮಲ್ಪೆ

ಹತ್ತು ದಿನ ಬಿಡುವಿಲ್ಲ, ಆರು ಲಕ್ಷವೂ ಇಲ್ಲ. ಹಾಗಾದರೆ ಇಂಡೋನೇಷ್ಯಾದ ಕೊಮೊಡೊ ನೋಡಿ. ಇವೂ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪಗಳೇ. 1980ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, 1991ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಾಲಿಗೆ ಹೋಗಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಲಾಬುವಾನ್ ಬಾಜೊ. ಅಲ್ಲಿ ಮರದ ಫಿನಿಸಿ ಹಡಗು, 3 ದಿನ 2 ರಾತ್ರಿ. ಬೇರೆಯವರ ಜೊತೆ ಹಂಚಿಕೊಂಡರೆ ಒಬ್ಬರಿಗೆ 200ರಿಂದ 400 ಡಾಲರ್ ಒಳಗೆ ಮುಗಿಯುತ್ತದೆ. ಕೊಮೊಡೊ ಡ್ರ್ಯಾಗನ್ ಅಂದರೆ ನಮ್ಮ ತೋಟದ ಉಡದ ದೊಡ್ಡಪ್ಪ, ಅದೇ ಜಾತಿ, ಮೂರು ಮೀಟರ್‌ವರೆಗೂ ಬೆಳೆಯುತ್ತದೆ. ಸಂಜೆ ಕಾಲೊಂಗ್ ದ್ವೀಪದಿಂದ ಸಾವಿರಾರು ದೊಡ್ಡ ಬಾವಲಿಗಳು ಹೊರಡುವುದನ್ನು ಹಡಗಿನ ಮೇಲೆ ಕೂತು ನೋಡಬಹುದು. ನೀರೊಳಗೆ ಮಾಂಟಾ ತೊರಕೆ ಮೀನು.

ಗಲಾಪಗೋಸ್‌ನಷ್ಟು ಬಗೆ ಬಗೆಯ ಪ್ರಾಣಿ ಇಲ್ಲ, ಪ್ರಾಣಿ ನಿಮ್ಮ ಕಾಲ ಬುಡದಲ್ಲಿ ಮಲಗುವುದೂ ಇಲ್ಲ. ಮಲಗಿದರೆ ಓಡಬೇಕು. ಹಡಗುಗಳ ಗುಣಮಟ್ಟ ಒಂದೇ ಸಮ ಇಲ್ಲ, ಮುಳುಗಿದ ಸುದ್ದಿ ಆಗಾಗ ಬರುತ್ತದೆ. ಹತ್ತುವ ಮುಂಚೆ ಲೈಫ್ ಜಾಕೆಟ್ ಎಣಿಸಿ, ರೇಡಿಯೋ ಇದೆಯಾ ಕೇಳಿ. ಡಿಸೆಂಬರ್‌ನಿಂದ ಫೆಬ್ರವರಿ ಅಲ್ಲಿ ಮಳೆಗಾಳಿ, ನಮಗೆ ಹೇಗೂ ಕೊಯ್ಲು. ಮೇ ಮತ್ತು ಅಕ್ಟೋಬರ್ ಇಲ್ಲಿಗೂ ಚೆನ್ನ. ಬೆಂಗಳೂರಿಂದ ಬೆಂಗಳೂರಿಗೆ ಒಂದು ವಾರ, ನಾವು ಹೋದಾಗ ಒಬ್ಬರಿಗೆ ಒಂದೂಕಾಲು ಲಕ್ಷ ಆಯಿತು.

ನಮ್ಮದೇ ದೇಶದ ಬ್ಯಾರನ್ ದ್ವೀಪ ಅಂಡಮಾನ್‌ನಲ್ಲಿದೆ, ಈಗ ಶ್ರೀ ವಿಜಯಪುರಂ ಆಗಿರುವ ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ಭಾರತದ ಏಕೈಕ ಜೀವಂತ ಜ್ವಾಲಾಮುಖಿ. 1787ರಲ್ಲಿ ಸಿಡಿದದ್ದು ದಾಖಲಾಗಿದೆ, ಬಹಳ ಕಾಲ ತಣ್ಣಗಿದ್ದು 1991ರಲ್ಲಿ ಮತ್ತೆ ಎಚ್ಚರವಾಯಿತು. ಇಳಿಯೋಕೆ ಬಿಡಲ್ಲ, ಹಡಗಿಂದಲೇ ನೋಡಬೇಕು. ಹೊಗೆ ಕಾಣುತ್ತದೆ, ಪ್ರಾಣಿ ಕಾಣೋದು ಕಡಿಮೆ. ಹಡಗು ದಿನಾ ಇರಲ್ಲ, ಹವಾಮಾನ ಕೆಟ್ಟರೆ ರದ್ದು. ನಾವು ಹೋದಾಗ ಎರಡು ದಿನ ಕಾದು ವಾಪಸ್ ಬಂದೆವು. ಅಂಡಮಾನ್ ಹೇಗೂ ಹೋಗುವವರು ಇದನ್ನು ಮೇಲೊಗರ ಅಂತ ಇಟ್ಟುಕೊಳ್ಳಿ, ಇದಕ್ಕಾಗಿಯೇ ಹೋಗಬೇಡಿ.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಳಂಥ ಕಲ್ಲೂ ಲಾವಾ ತಣಿದೇ ಆದದ್ದು, ಸುಮಾರು 8.8 ಕೋಟಿ ವರ್ಷದ ಹಿಂದೆ. ಮಕ್ಕಳಿಗೆ ಅದನ್ನು ಮೊದಲು ತೋರಿಸಿ, ಮಳೆಗಾಲದಲ್ಲಿ ದೋಣಿ ಇರಲ್ಲ. ಹೊಟ್ಟೆ ಪರೀಕ್ಷೆಗೆ ಮಾತ್ರ ಆ ಪುಟ್ಟ ಪ್ರಯಾಣ ಸಾಲದು. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ದ್ವೀಪಕ್ಕೆ (ಈಗ ಸ್ವರಾಜ್ ದ್ವೀಪ) ಹೋಗುವ ಫೆರ್ರಿಯಲ್ಲಿ ನಿಮ್ಮ ಮುಖ ಹೇಗಾಗುತ್ತದೆ ನೋಡಿಕೊಂಡರೆ ಉತ್ತರ ಸಿಗುತ್ತದೆ.

ಈಗ ದುಡ್ಡು

ನನ್ನ ಲೆಕ್ಕ ಒಬ್ಬರಿಗೆ, ಅಂದಾಜು. ಎಕ್ವಡಾರ್‌ವರೆಗೆ ಹೋಗಿಬರುವ ವಿಮಾನ ಒಂದೂವರೆಯಿಂದ ಎರಡೂಕಾಲು ಲಕ್ಷ. ಎಕ್ವಡಾರ್ ದಡದ ಊರು ಗ್ವಾಯಾಕಿಲ್‌ನಿಂದ ದ್ವೀಪಕ್ಕೆ ವಿಮಾನ ಸುಮಾರು 40 ಸಾವಿರ. ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ 200 ಡಾಲರ್ ಆಗಿದೆ, ಮುಂಚೆ 100 ಇತ್ತು. ನೋಟಿನಲ್ಲೇ ಇಟ್ಟುಕೊಂಡಿರಿ. ಇಷ್ಟು ಎಲ್ಲರಿಗೂ ಸಮ. ಇದರ ಮೇಲೆ ಊರಲ್ಲಿ ಉಳಿದರೆ ವಾರಕ್ಕೆ ಒಂದೂಕಾಲರಿಂದ ಒಂದೂಮುಕ್ಕಾಲು ಲಕ್ಷ. ಚಿಕ್ಕ ಹಡಗಾದರೆ ಮೂರರಿಂದ ನಾಲ್ಕು ಲಕ್ಷ. ದೊಡ್ಡದಾದರೆ ಐದಕ್ಕೆ ಕಡಿಮೆ ಇಲ್ಲ.

ಆರು ಏಳು ಲಕ್ಷ ಇಟ್ಟುಕೊಂಡ, ಹೊಟ್ಟೆ ಗಟ್ಟಿ ಇರುವ ಗಂಡ ಹೆಂಡತಿ 8 ದಿನದ ಪಶ್ಚಿಮದ ಕ್ಯಾಟಮರಾನ್ ಹಿಡಿಯಲಿ. ಆಮೇಲೆ ಎರಡು ದಿನ ಜಾಸ್ತಿ ಇದ್ದು ಸಾನ್ ಕ್ರಿಸ್ತೋಬಾಲ್‌ನಿಂದ ಎಸ್ಪನ್ಯೋಲಾಕ್ಕೆ ದಿನದ ದೋಣಿಯಲ್ಲಿ ಹೋಗಿಬರಲಿ. ಮತ್ತೊಮ್ಮೆ ಹೋದರೆ ನಾವು ಮಾಡೋದು ಇದನ್ನೇ, ನಿರ್ಧಾರ ಹೆಂಡತಿಯದು. ನಾಲ್ಕು ಲಕ್ಷದವರು, ಸಮುದ್ರಕ್ಕೆ ಹೆದರುವವರು ಅಕ್ಕ-ಬಾವನ ದಾರಿ ಹಿಡಿಯಲಿ. ಅವರು ಕಳಕೊಂಡದ್ದು ನೀರುಕಾಗೆ ಮತ್ತು ಫರ್ನಾಂಡಿನಾ, ಅಷ್ಟೇ. ಮಕ್ಕಳು ಹತ್ತು ವರ್ಷದ ಒಳಗಿದ್ದರೆ ಈ ಸಲ ಕೊಮೊಡೊ.

ಯಾವುದೇ ಆದರೂ ಐದಾರು ತಿಂಗಳು ಮುಂಚೆ ಬುಕ್ ಮಾಡಿ. ಪುಯೆರ್ತೋ ಅಯೋರಾದಲ್ಲಿ ಕೊನೆ ಗಳಿಗೆಯಲ್ಲಿ ಖಾಲಿ ಸೀಟು ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ನಿಜ, ಸಿಗುತ್ತದೆ. ವಾಪಸ್ ಹೋಗೋ ಅವಸರ ಇಲ್ಲದೆ ಬೆನ್ನಿಗೆ ಚೀಲ ಹಾಕಿ ತಿರುಗುವ ಹುಡುಗರಿಗೆ. ವೀಸಾ ವಿಷಯ ಎಕ್ವಡಾರ್ ರಾಯಭಾರ ಕಚೇರಿಯಲ್ಲೇ ಕೇಳಿ. ಅಮೆರಿಕದ ಮೇಲೆ ಹೋಗುವ ಅಗ್ಗದ ಟಿಕೆಟ್‌ಗೆ ವಿಮಾನ ಬದಲಿಸೋಕೂ ಅಮೆರಿಕದ ವೀಸಾ ಬೇಕು. ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮುಂಚೆಯಾದರೂ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸಬಹುದು. ದ್ವೀಪದ ವಿಮಾನಕ್ಕೆ ಮುಂಚಿನ ರಾತ್ರಿ ರಾಜಧಾನಿ ಕೀಟೋ ಬದಲು ಗ್ವಾಯಾಕಿಲ್‌ನಲ್ಲಿ ಉಳಿಯಿರಿ. ಕೀಟೋ 2,850 ಮೀಟರ್ ಎತ್ತರ, ಮಡಿಕೇರಿಯ ಎರಡು ಪಟ್ಟಿಗಿಂತ ಜಾಸ್ತಿ, ತಲೆ ಹಿಡಿಯುತ್ತದೆ.

ಬೂಟು ತೊಳೆದು, ಒಣಗಿಸಿ ಹಾಕಿಕೊಳ್ಳಿ. ದ್ವೀಪಕ್ಕೆ ಬೀಜ, ಮಣ್ಣು ಹೋಗಬಾರದು ಅಂತ ಗ್ವಾಯಾಕಿಲ್‌ನಲ್ಲೇ ಎಲ್ಲರ ಚೀಲ ತೆಗೆಸುತ್ತಾರೆ. ಬಾವ ತೋಟದ ಬೂಟನ್ನೇ ತಂದಿದ್ದರು. ತಪಾಸಣೆ ಮಾಡುವ ಹುಡುಗಿ ಕೈಗವಸು ಹಾಕಿಕೊಂಡು ಅಟ್ಟೆಯ ಸಂದಿಯಿಂದ ನಮ್ಮ ಸುಂಟಿಕೊಪ್ಪದ ಕೆಂಪು ಮಣ್ಣನ್ನು ಕಡ್ಡಿಯಲ್ಲಿ ಕೆರೆದು ಕೆರೆದು ತೆಗೆದಳು. ಹಿಂದೆ ನಿಂತ ಸಾಲು ಅಷ್ಟೂ ಹೊತ್ತು ಕಾಯಬೇಕಾಯಿತು.